ಒಂದು ಹಿಡಿ ಕೊಸರು

ಹಳೇ ಕ್ಯಾಂಪ್, ಶಹಾಪುರ
12 ನವೆಂಬರ್ 1995

ನನ್ನ ಮಾನಪ್ಪ ಅವರಿಗೆ,

ಬರೆದುಬಿಟ್ಟೆ ನೋಡಿ ನಿಮ್ಮ ಹೆಸರು! ಅತ್ತೆಯವರ ಮುಂದೆ ಬಾಯಲ್ಲಿ ಹೇಳುವಂತಿಲ್ಲ, ಓಣಿಯಲ್ಲಿ ಹೇಳುವಂತಿಲ್ಲ. ಕಾಗದದ ಮೇಲಾದರೂ ಹೇಳುತ್ತೇನೆ: ಮಾನಪ್ಪ, ಮಾನಪ್ಪ, ಮಾನಪ್ಪ. ಮದುವೆಯ ಅರಿಶಿನ ಇನ್ನೂ ಉಗುರಿನಿಂದ ಹೋಗಿಲ್ಲ, ನೀವು ನಾರಾಯಣಪುರದಲ್ಲಿ ಡ್ಯಾಮಿನ ನೌಕರಿಯಲ್ಲಿ, ನಾನಿಲ್ಲಿ. ಕ್ವಾರ್ಟರ್ಸ್ ಸಿಗುವ ತನಕ ಹೀಗೇ ಅಂದಿರಿ. ಆ ಕ್ವಾರ್ಟರ್ಸಿನ ಅಡುಗೆಮನೆಗೆ ಹಳದಿ ಪರದೆ ಎಂದು ನಾನು ಆಗಲೇ ತೀರ್ಮಾನಿಸಿ, ಬಟ್ಟೆಯನ್ನೂ ತಂದಿಟ್ಟಿದ್ದೇನೆ. ಬೇಡ ಅನ್ನಬೇಡಿ.

ಈಗ ದೊಡ್ಡ ಸುದ್ದಿ. ನಾನು ಅಂಗಡಿ ತೆರೆದಿದ್ದೇನೆ! ನಗಬೇಡಿ, ಪೂರ್ತಿ ಓದಿ.

ಈಚೆಗೆ ಒಂದು ಸಂಜೆ ಸೊಪ್ಪು-ಪಲ್ಯಕ್ಕೆಂದು ಹೊರಗೆ ಹೋದರೆ ಓಣಿಯಲ್ಲಿ ಇದ್ದದ್ದು ಲಾಡ್ಲೇಸಾಬರ ತಳ್ಳುಗಾಡಿ ಒಂದೇ. ಬದನೆಕಾಯಿ ಮುದುಡಿದ್ದವು, ಪುಂಡಿಪಲ್ಯ ತಲೆ ಕೆಳಗೆ ಹಾಕಿತ್ತು, ರೇಟು ಮಾತ್ರ ತಲೆಯೆತ್ತಿ ನಿಂತಿತ್ತು. ಕೇಳಿದರೆ, "ನಾ ಏನ್ ಮಾಡ್ಲಿ ಬೇಟಿ, ಬಜಾರದಾಗ ಉಳದದ್ದ ನನಗ ಸಿಗತೈತಿ. ನಾನೂ ರೊಕ್ಕ ಕೊಟ್ಟಽ ತರ್ತೀನಿ" ಅಂದರು. ಪಕ್ಕದ ಮನೆಯ ಇಮಾಮಬೀ ಹತ್ತಿ ಬಿಡಿಸಲು ಹೊತ್ತು ಹುಟ್ಟುವ ಮೊದಲೇ ಹೋಗಿ ದೀಪ ಹಚ್ಚುವ ಹೊತ್ತಿಗೆ ಬರುತ್ತಾರೆ. ಅವರೆಂದರು: "ನಮ್ಮ ಮಕ್ಕಳ ಬಾಯಾಗ ಹಸರ ಬೀಳೂದು ಸಂತಿ ದಿನ ಅಷ್ಟ. ಉಳದ ದಿನ ಖಾರ, ರೊಟ್ಟಿ, ಖುದಾ."

ಮರುದಿನ ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದೆ. ಸಾಯಬಮ್ಮ ಎನ್ನುವ ಹೆಂಗಸು ಕಾಲುವೆಯ ಕಡೆಯಿಂದ ಬಂದು ನಮ್ಮ ಓಣಿ ಹಾಯ್ದು ಬಜಾರಕ್ಕೆ ಹೊರಟಿದ್ದಳು. ತಲೆಯ ಬುಟ್ಟಿಯಲ್ಲಿ ಪುಂಡಿ, ರಾಜಗಿರಿ, ಸಬ್ಬಸಗಿ. ಎಲೆಗಳ ಮೇಲಿನ ನೀರು ಅವಳ ಕಿವಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಆಗ ಹೊಳೆಯಿತು. ಅದೇ ಪಲ್ಯ! ಬೆಳಿಗ್ಗೆ ನಮ್ಮ ಬಾಗಿಲ ಮುಂದೆಯೇ ಹಾಯ್ದು ಹೋಗುತ್ತದೆ. ದಿನವಿಡೀ ಬಜಾರದಲ್ಲಿ ಬಿಸಿಲುಂಡು, ಬಾಡಿ, ದುಬಾರಿಯಾಗಿ ಸಂಜೆ ನಮ್ಮ ಬಾಗಿಲಿಗೇ ವಾಪಸ್ ಬರುತ್ತದೆ. ಬೆಳಿಗ್ಗೆ ಕೊಳ್ಳೋಣವೆಂದರೆ ಓಣಿಯ ಹೆಂಗಸರೆಲ್ಲ ಕೂಲಿಗೆ ಹೋಗಿರುತ್ತಾರೆ.

ಹಾಗಾಗಿ ಈಗ ಅವಳ ಅರ್ಧ ಬುಟ್ಟಿ ನಮ್ಮ ಪಡಸಾಲೆಯ ನೆರಳಿನಲ್ಲಿ, ತೊಯ್ಸಿದ ಗೋಣಿಚೀಲದ ಕೆಳಗೆ ಉಳಿಯುತ್ತದೆ. ಸಂಜೆ ಅವಳ ರೇಟಿಗೇ ಮಾರುತ್ತೇನೆ.

ಮೊದಲ ದಿನ ಒಂದು ತಮಾಷೆ ಆಯಿತು. ಒಬ್ಬೊಬ್ಬರಿಗೂ ಒಂದು ಸಿವುಡು ಪಲ್ಯ ಕೊಟ್ಟೆ, ದುಡ್ಡು ಇಸಿದುಕೊಂಡೆ. ಯಾರೂ ಹೋಗುತ್ತಲೇ ಇಲ್ಲ! ಸೆರಗು ಹಿಡಿದು ನಿಂತೇ ಇದ್ದಾರೆ. ಅತ್ತೆಯವರು ಒಳಗಿಂದ ಬಂದು, ಒಂದೊಂದು ಹಿಡಿ ಕೊತ್ತಂಬರಿ ಹರಿದು ಎಲ್ಲರ ಸೆರಗಿಗೆ ಹಾಕಿ ನನ್ನ ಕಡೆ ತಿರುಗಿದರು. "ಯವ್ವಾ, ಸಿವುಡು ರೊಕ್ಕಕ್ಕ. ಕೊಸರು ಮನಷ್ಯಾರಿಗೆ. ಕೊಸರಿಲ್ಲದ ಯಾಪಾರ ಜಗಳಾಡಿದವರ ಯಾಪಾರ." ಗುಲಬರ್ಗಾದ ಕಾನ್ವೆಂಟಿನಲ್ಲಿ ಇದನ್ನು ಕಲಿಸಿರಲಿಲ್ಲ ನೋಡಿ.

ಮನೆಯ ಹಿಂದಿನ ಹೊಂಡ ಮಾತ್ರ ಈಗಲೂ ಸೊಳ್ಳೆಗಳ ಅರಮನೆ. ಬೇಗ ಬನ್ನಿ.

ನಿಮ್ಮವಳೇ, ನಿಮ್ಮವಳೇ,
ವೈಶಾಲಿ


ನಾರಾಯಣಪುರ
25 ನವೆಂಬರ್ 1995

ಪ್ರೀತಿಯ ವೈಶಾಲಿ,

ನಿನ್ನ ಪತ್ರವನ್ನು ಗೇಟಿನ ಮೇಲೆ ಕುಳಿತು ಓದಿದೆ. ಜೊತೆಯವರು "ಏನ್ ಮಾನಪ್ಪ, ನೀರ ಬಿಟ್ಟಾಂಗ ನಗಾಕತ್ತೀ" ಅಂದರು. ಹಳದಿ ಪರದೆಗೆ ನನ್ನ ಒಪ್ಪಿಗೆ ಇದೆ. ಕ್ವಾರ್ಟರ್ಸಿಗೆ ಇನ್ನೂ ಒಪ್ಪಿಗೆ ಬಂದಿಲ್ಲ. ಮೊದಲು ನನ್ನ ನೌಕರಿ ಕಾಯಂ ಆಗಬೇಕು. ಆ ಕಾಗದ ಮೇಲಿನ ಆಫೀಸಿನಲ್ಲಿದೆ.

ಅಂಗಡಿ ಒಳ್ಳೆಯದು. ನಮ್ಮ ಕ್ಯಾಂಪಿನವರು ಕಾಲುವೆ ತೋಡಲು ಬಂದು ಅಲ್ಲೇ ಉಳಿದವರು. ನೀರು ಬಂದು ಇಷ್ಟು ವರ್ಷವಾದರೂ ಅವರ ತಟ್ಟೆಗೆ ಹಸಿರು ಬಂದಿರಲಿಲ್ಲ. ಅವ್ವ ಎಂಟು ತಿಂಗಳ ಬಸಿರಿನಲ್ಲಿ ಮಣ್ಣಿನ ಬುಟ್ಟಿ ಹೊತ್ತಿದ್ದಳು. ಬಸಿರಿನಲ್ಲಿ ಇದ್ದವನು ನಾನು.

ಸಾಯಬಮ್ಮನ ವಿಷಯದಲ್ಲಿ ಒಂದು ಮಾತು. ಆಕೆಯ ಹೊಲ ಎಲ್ಲಿ, ನೀರು ಯಾವುದು ಎಂದು ಕೇಳಲು ಹೋಗಬೇಡ. ಊರಿಗೆಲ್ಲ ಗೊತ್ತಿರುವ ಕೆಲವು ಸಂಗತಿಗಳು, ಯಾರೂ ಬಾಯಿ ಬಿಡದಿರುವುದರಿಂದಲೇ ನಡೆದುಕೊಂಡು ಹೋಗುತ್ತವೆ. ಉಳಿದದ್ದನ್ನು ಬಂದಾಗ ಹೇಳುತ್ತೇನೆ.

ನಿನ್ನ
ಮಾನಪ್ಪ


ಹಳೇ ಕ್ಯಾಂಪ್, ಶಹಾಪುರ
22 ಡಿಸೆಂಬರ್ 1995

ನನ್ನ ಮಾನಪ್ಪ ಅವರಿಗೆ,

ಕೇಳಬೇಡ ಅಂದಿರಿ. ಕೇಳಲಿಲ್ಲ. ಹೋಗಿ ನೋಡಿಕೊಂಡೇ ಬಂದೆ!

ಎಂಥ ಜಾಗ ರೀ ಅದು! ಎರಡನೇ ಸೇತುವೆ ದಾಟಿದರೆ ಕಾಲುವೆಯ ಏರಿಯ ಕೆಳಗೆ ಸೀರೆಯ ಅಂಚಿನಂಥ ಉದ್ದನೆಯ ಪಟ್ಟಿ. ಅಲ್ಲಿ ಸಾಯಬಮ್ಮ ಮತ್ತು ಆಕೆಯಂಥ ಕೆಲವು ಹೆಂಗಸರ ಸೊಪ್ಪಿನ ಮಡಿಗಳು. ಕಾಲುವೆಯಿಂದ ಏರಿಯ ಮೇಲೆ ಹಾಯಿಸಿದ ರಬ್ಬರ್ ಪೈಪುಗಳು, ಅವುಗಳ ಮೇಲೆ ಮುಚ್ಚಿದ ಹುಲ್ಲು. ಸಾಯಬಮ್ಮ ಪೈಪಿನ ತುದಿಗೆ ಬಾಯಿ ಹಚ್ಚಿ ಒಮ್ಮೆ ಎಳೆದರೆ ಸಾಕು, ನೀರು ತಾನೇ ಏರಿ ಹತ್ತಿ ಇಳಿಯುತ್ತದೆ. ನಾನೂ ಎಳೆದೆ. ಬಾಯಿ ತುಂಬ ಕೃಷ್ಣೆ! ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. "ಸಾಲಿ ಕಲತ ಬಾಯಿ, ಮಾತಿಗಷ್ಟ ಛಲೋ" ಅಂದಳು ಸಾಯಬಮ್ಮ.

ಅಂಗಡಿ ಜೋರಾಗಿದೆ. ಇಮಾಮಬೀಯ ಕಿರಿಯವಳಿಗೆ ಇರುಳುಗಣ್ಣು ಇತ್ತಲ್ಲ, ಡಾಕ್ಟರು ಸೊಪ್ಪು, ತಪ್ಪಲು ಪಲ್ಯ ತಿನ್ನಿಸಿ ಅಂದಿದ್ದರು. ಈಗ ದಿನಾ ರಾಜಗಿರಿ ತಿನ್ನುತ್ತಿದ್ದಾಳೆ. ನಿನ್ನೆ ಮುಸ್ಸಂಜೆಯಲ್ಲಿ ತಾನೇ ನಡೆದು ಬಂದು ಕೊಸರಿಗೆ ಕೈ ಒಡ್ಡಿದಳು. ನಾನು ಒಳಗೆ ಹೋಗಿ ಅತ್ತುಬಿಟ್ಟೆ. ಲಾಡ್ಲೇಸಾಬರಿಗೂ ಸಿಟ್ಟಿಲ್ಲ. "ಬೇಟಿ, ನನ್ನ ಗಾಡಿ ಖಾಲಿ ಮಾಡಿಸಿದಿ, ಇನ್ನ ನಿನಗ ಹುಟ್ಟೂ ಮಗನ್ನ ಕೂಡ್ರಿಸಿ ತಿರಗಸ್ತೀನಿ" ಅನ್ನುತ್ತಾರೆ. ಈಗ ಈರುಳ್ಳಿ, ಆಲೂಗಡ್ಡೆಗೆ ಇಳಿದಿದ್ದಾರೆ.

ಇನ್ನೊಂದು ಸರ್‌ಪ್ರೈಸ್. ಇದನ್ನೆಲ್ಲ ಬರೆದು ಗುಲಬರ್ಗಾದ ಒಂದು ಪತ್ರಿಕೆಗೆ ಕಳಿಸಿದೆ. ಹಾಕಿಬಿಟ್ಟರು! ಕಾಲುವೆ ನೀರು ಬಡವರ ತಟ್ಟೆಗೆ ಹಸಿರಾಗಿ ಬಂದ ಬಗೆ, ಎರಡನೇ ಸೇತುವೆ, ಪೈಪು, ಸಾಯಬಮ್ಮನ ಹೆಸರು, ಎಲ್ಲ ಇದೆ. ಸಾಯಬಮ್ಮನಿಗೆ ಓದಿ ಹೇಳಿದೆ. "ನನ್ನ ಹೆಸರ ಯಾಕ ಹಾಕಸ್ದಿ ಯವ್ವಾ" ಅಂದಳು. ನಾಚಿಕೊಂಡಳು ಅಂತ ಕಾಣುತ್ತದೆ.

ಅತ್ತೆಯವರು ಪತ್ರಿಕೆಯನ್ನು ಮಡಚಿ ಪೆಟ್ಟಿಗೆಯ ತಳಕ್ಕೆ ಇಟ್ಟರು. ಹೆಮ್ಮೆಯನ್ನು ತೋರಿಸಿಕೊಳ್ಳದ ಮನೆ ನಿಮ್ಮದು!

ಸಾವಿರ ಪ್ರೀತಿಯಿಂದ,
ನಿಮ್ಮ ವೈಶಾಲಿ


ನಾರಾಯಣಪುರ
11 ಜನವರಿ 1996

ಪ್ರೀತಿಯ ವೈಶಾಲಿ,

ಮೊದಲು ಒಳ್ಳೆಯದು. ನನ್ನನ್ನು ಶಹಾಪುರದ ಕಡೆಯ ಸೆಕ್ಷನ್ನಿಗೆ ಹಾಕಿದ್ದಾರೆ. ಈ ತಿಂಗಳ ಕೊನೆಗೆ ಬರುತ್ತೇನೆ. ಇರುವುದು ಕಾಲುವೆಯ ಮೇಲಿನ ಶೆಡ್ಡಿನಲ್ಲಿ. ರವಿವಾರ ಮನೆಗೆ ಬರಬಹುದು.

ಇನ್ನು ಉಳಿದದ್ದು. ನೀನು ಪತ್ರಿಕೆಗೆ ಬರೆದದ್ದು ನಮ್ಮ ಇಂಜಿನಿಯರ್ ಸಾಹೇಬರ ಮೇಜಿನ ಮೇಲೆ ಇತ್ತು. ಸೇತುವೆಯ ಹೆಸರಿನ ಕೆಳಗೆ ಕೆಂಪು ಗೆರೆ ಎಳೆದಿದ್ದರು. ಕಾಲುವೆಯ ಕೊನೆಯ ಊರುಗಳವರು ನೀರು ತಲುಪುತ್ತಿಲ್ಲವೆಂದು ಎರಡು ವರ್ಷದಿಂದ ಆಫೀಸಿಗೆ ಬಂದು ಕೂಗುತ್ತಿದ್ದಾರೆ. ಕಳ್ಳ ಪೈಪು ಎಲ್ಲಿವೆ ತೋರಿಸಿ ಎಂದು ಸಾಹೇಬರು ಅನ್ನುತ್ತಿದ್ದರು, ನಾವೆಲ್ಲ ಗೊತ್ತಿಲ್ಲ ಅನ್ನುತ್ತಿದ್ದೆವು. ಈಗ ಗೊತ್ತಿಲ್ಲ ಅನ್ನುವಂತಿಲ್ಲ.

ಪೈಪು ಕೀಳಿಸಿ ಏರಿಯ ಬುಡ ಖಾಲಿ ಮಾಡಿಸುವುದೇ ನನ್ನ ಮೊದಲ ಕೆಲಸ. ಅದಕ್ಕೇ ನನ್ನನ್ನು ಆರಿಸಿದ್ದಾರೆ. "ಅದ ಓಣಿಯಾಂವ, ಜಗಳ ಆಗಂಗಿಲ್ಲ" ಅಂದರಂತೆ. ಮಾಡದಿದ್ದರೆ ಕಾಯಂ ಆಗುವ ಮಾತು ಅಲ್ಲಿಗೇ ಮುಗಿಯುತ್ತದೆ, ನೌಕರಿಯೂ ಉಳಿಯುವುದಿಲ್ಲ.

ನಿನ್ನ ಮೇಲೆ ಸಿಟ್ಟಿಲ್ಲ. ಸರಿಯಾಗಿ ಬಿಡಿಸಿ ಹೇಳದವನು ನಾನು. ಆದರೆ ಒಂದು ಮಾತು ನಡೆಸಿಕೊಡು. ಸಾಯಬಮ್ಮನಿಗೆ ಹೇಳಬೇಡ. ಹೇಳಿದರೆ ಆ ಹೆಂಗಸರು ಪೈಪು ಬಚ್ಚಿಡುತ್ತಾರೆ, ನಾನು ಬರಿಗೈಯಲ್ಲಿ ಹೋಗಿ ನಿಲ್ಲಬೇಕಾಗುತ್ತದೆ.

ನಿನ್ನ
ಮಾನಪ್ಪ


ಹಳೇ ಕ್ಯಾಂಪ್, ಶಹಾಪುರ
19 ಜನವರಿ 1996

ಮಾನಪ್ಪ ಅವರಿಗೆ,

ನಿಮ್ಮ ಪತ್ರದ ಮೊದಲ ಸಾಲು ಓದಿ ಓಣಿಗೆಲ್ಲ ಕೂಗಿ ಹೇಳಿಬಿಟ್ಟಿದ್ದೆ: ಇವರು ಬರುತ್ತಾರೆ, ಇವರು ಬರುತ್ತಾರೆ! ಎರಡನೆಯ ಪ್ಯಾರಾ ಆಮೇಲೆ ಓದಿದೆ. ಯಾವಾಗಲೂ ಹೀಗೇ ನಾನು. ಮೊದಲು ಕೂಗು, ಆಮೇಲೆ ಓದು.

ಅದನ್ನು ಕೇಳಿ ಸಾಯಬಮ್ಮ ನಿನ್ನೆ ಬುಟ್ಟಿ ಇಳಿಸಿ, ನನ್ನ ಗದ್ದ ಹಿಡಿದು ಅಲುಗಾಡಿಸಿದಳು. "ನಿನ್ನ ಗಂಡ ನಮ್ಮ ಕಾಲುವಿಗೆ ಬರ್ತಾನಂತಲ್ಲ! ಪೇಪರನ್ಯಾಗ ಬಂದಾಗಿಂದ ನನ್ನ ಎದಿ ಡವಡವ ಅಂತಿತ್ತು. ಇನ್ನೇನ ಚಿಂತಿ ಬಿಡು. ನಮ್ಮ ಓಣಿ ಮಗ, ನಮ್ಮ ಮರಿಲಿಂಗಮ್ಮಕ್ಕನ ಮಗ." ಬದನೆ ಸಸಿ ಹಾಕಿದ್ದಾಳಂತೆ, ಹೊಸದಾಗಿ. ಹೊರಡುವಾಗ ಕೊಸರಿಗೆಂದು ಎರಡು ಕಟ್ಟು ಕೊತ್ತಂಬರಿ ಹೆಚ್ಚಿಗೆ ಇಟ್ಟುಹೋದಳು.

ಆ ಕೊತ್ತಂಬರಿಯನ್ನು ಸಂಜೆ ಹಂಚಲು ಅತ್ತೆಯವರ ಕೈಗೆ ಕೊಟ್ಟೆ.

ಬೇರೆ ದಾರಿ ಇಲ್ಲವೇ? ಒಂದೆರಡು ಪೈಪು ಬಿಟ್ಟರೆ ಕಾಲುವೆ ಬತ್ತಿಹೋಗುತ್ತದೆಯೇ? ಮೇಲಿನ ಭತ್ತದ ಗದ್ದೆಯವರು ಮೋಟಾರು ಇಟ್ಟು ಎಳೆಯುತ್ತಾರಂತೆ, ಅವರ ನೀರು ಯಾರ ಲೆಕ್ಕದಲ್ಲಿದೆ? ಇಮಾಮಬೀಯ ಮಗುವಿಗೆ ನಾನು ಏನು ಹೇಳಲಿ? ಸಂಜೆಯ ಬೆಳಕು ಮತ್ತೆ ಕಡಿಮೆಯಾಗುತ್ತದೆ ಎಂದು ಹೇಳಲೇ?

ಅತ್ತೆಯವರು ನನ್ನ ಮುಖ ನೋಡಿ ಒಲೆಯ ಕಡೆ ತಿರುಗುತ್ತಾರೆ. ರೊಟ್ಟಿ ಬಡಿಯುವ ಸದ್ದು ಮಾತ್ರ ಜೋರಾಗಿದೆ.

ನಾನು ಹೇಳಿಲ್ಲ. ಇನ್ನೂ ಹೇಳಿಲ್ಲ.

ವೈಶಾಲಿ


ಕಾಲುವೆ ಶೆಡ್ಡು
2 ಫೆಬ್ರುವರಿ 1996

ವೈಶಾಲಿ,

ಕೆಲಸ ಮುಗಿಯಿತು. ಓಣಿಯವರ ಬಾಯಿಂದ ಕೇಳುವ ಮೊದಲು ನನ್ನಿಂದಲೇ ನಿನಗೆ ತಿಳಿಯಲಿ ಎಂದು ಜೀಪಿನ ಅಂಬ್ರಪ್ಪನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ಮೇಲಿನಿಂದ ಶುರು ಮಾಡುತ್ತೇನೆ, ಇಲ್ಲದಿದ್ದರೆ ಮಾಡುವುದೇ ಇಲ್ಲ ಎಂದು ಸಾಹೇಬರಿಗೆ ಹೇಳಿದ್ದೆ. ಭತ್ತದವರ ಮೋಟಾರು ಮೊದಲು ಎತ್ತಿಸಿದೆ. "ಈ ಹುಡುಗನ ನೌಕ್ರಿ ಎಷ್ಟ ದಿನ ನೋಡೂಣು" ಎಂದು ಒಬ್ಬ ನನ್ನ ಮುಂದೆಯೇ ಅಂದ. ನೋಡೋಣ. ಮಾರನೆಯ ದಿನ ಎರಡನೇ ಸೇತುವೆಗೆ ಬಂದೆ.

ಹೆಂಗಸರು ಬಯ್ಯುತ್ತಾರೆ, ಮಣ್ಣು ತೂರುತ್ತಾರೆ ಎಂದುಕೊಂಡಿದ್ದೆ. ಬೇರೆಯವರು ಬೈದರು. ಸಾಯಬಮ್ಮ ಬೈಯಲಿಲ್ಲ. ತನ್ನ ಪೈಪನ್ನು ತಾನೇ ಎಳೆದು, ಸುತ್ತಿ, ಒಳಗಿನ ನೀರನ್ನು ಬದನೆ ಸಸಿಗೆ ಬಸಿದು, ನನ್ನ ಕೈಗೆ ಕೊಟ್ಟಳು. "ನಿನ್ನ ಹೇಣ್ತಿಗೆ ಇದು ಗೊತ್ತಿತ್ತೇನೋ ತಮ್ಮಾ?" ಅಂತ ಕೇಳಿದಳು. ನಾನು ಪೈಪು ಹಿಡಿದು ನಿಂತಿದ್ದೆ. ಉತ್ತರ ಕೊಡಲಿಲ್ಲ. ಕೊಟ್ಟಂತೆಯೇ ಆಯಿತು.

ಇವತ್ತು ಕಾಲುವೆಯ ಕೊನೆಯ ತನಕ ನೀರಿನ ಜೊತೆ ಸೈಕಲ್ಲಿನಲ್ಲಿ ಹೋದೆ. ಅಲ್ಲಿ ಖಂಡಪ್ಪ ಎನ್ನುವವರೊಬ್ಬರು ಶೇಂಗಾ ಹೊಲದಲ್ಲಿ ನಿಂತಿದ್ದರು. "ನಮ್ಮ ತನಕ ಬರೂದ್ರಾಗ ಕಾಲುವ್ಯಾಗ ಬರೇ ಕಪ್ಪಿ ಇರ್ತಿದ್ವು ಸಾಹೇಬ್ರ" ಎಂದು ನೀರಿಗೆ ಕೈ ಅದ್ದಿ ಹಣೆಗೆ ಹಚ್ಚಿಕೊಂಡರು. ಅವರೂ ಬಡವರೇ. ಇದನ್ನು ನಿನಗೆ ಹೇಳುವುದು ನನ್ನ ಮೇಲಿನ ಭಾರ ಇಳಿಸಲಿಕ್ಕೆ ಅಲ್ಲ. ಇಳಿಯುವುದೂ ಇಲ್ಲ.

ರವಿವಾರ ಬರುತ್ತೇನೆ.

ಮಾನಪ್ಪ


ಹಳೇ ಕ್ಯಾಂಪ್, ಶಹಾಪುರ
5 ಫೆಬ್ರುವರಿ 1996

ಇವರಿಗೆ,

ನಿನ್ನೆ ಬಂದಿರಿ, ಉಂಡಿರಿ, ಹೋದಿರಿ. ಒಂದೇ ಮನೆಯಲ್ಲಿ ಕುಳಿತು ನಾವಿಬ್ಬರೂ ನೀರು ಬೇಕೇ, ರೊಟ್ಟಿ ಬೇಕೇ ಎಂಬುದರ ಆಚೆ ಮಾತಾಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನೀವು ಬರುವ ಮುನ್ನಾದಿನ ಸಾಯಬಮ್ಮ ಬಂದಿದ್ದಳು. ಮಡಿಯಲ್ಲಿ ಉಳಿದದ್ದನ್ನೆಲ್ಲ ಕಿತ್ತು ತಂದಿದ್ದಳು. ಬುಟ್ಟಿ ಇಳಿಸಿದಳು. ನಾನು ಸೆರಗು ಒಡ್ಡಿದೆ. ಒಂದು ಸಿವುಡು ಪುಂಡಿ ಹಾಕಿದಳು, ದುಡ್ಡು ಇಸಿದುಕೊಂಡಳು. ನಾನು ಸೆರಗು ಹಿಡಿದು ನಿಂತೇ ಇದ್ದೆ. ಬುಟ್ಟಿಯಲ್ಲಿ ಕೊತ್ತಂಬರಿ ಇತ್ತು. ಅವಳು ಅದನ್ನು ನೋಡಿದಳು, ನನ್ನನ್ನೂ ನೋಡಿದಳು. ಬುಟ್ಟಿ ಎತ್ತಿ ತಲೆಯ ಮೇಲಿಟ್ಟುಕೊಂಡು ಹೋದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಬೈಯುವ ಕೆಲಸವನ್ನು ಇಮಾಮಬೀ ಮಾಡಿದರು. "ಹೆಂಡತಿ ಬರದಾಳ, ಗಂಡ ಕಿತ್ತಾನ. ಜೋಡಿ ಭಾಳ ಛಲೋ ಕೂಡ್ಯಾದ. ನಮ್ಮ ತುತ್ತಿಗಿ ಕಲ್ಲ ಹಾಕಾಕ ಇಷ್ಟ ಸಾಲಿ ಕಲೀಬೇಕಾಗಿತ್ತೇನ?" ಅತ್ತೆಯವರು ಪಾತ್ರೆ ತಿಕ್ಕುತ್ತಾ ಕುಳಿತಿದ್ದರು. ಸಂಜೆ ಲಾಡ್ಲೇಸಾಬರ ಗಾಡಿಯಲ್ಲಿ ಮತ್ತೆ ಮುದುಡಿದ ಬದನೆಕಾಯಿ. ಅವರು ಅದರಲ್ಲೇ ಒಳ್ಳೆಯದನ್ನು ಆರಿಸಿ, ರೇಟು ಇಳಿಸಿ ಆ ಮಗುವಿನ ಕೈಗೆ ಕೊಟ್ಟರು. ನನ್ನ ಕಡೆ ನೋಡಲಿಲ್ಲ.

ನೀವು ಮಾಡಿದ್ದು ತಪ್ಪು ಎಂದು ಹೇಳಲಾರೆ. ಖಂಡಪ್ಪನವರ ಹಣೆಯ ಮೇಲಿನ ನೀರು ನನಗೂ ಕಾಣುತ್ತದೆ. ಆದರೆ ಹೇಳಬೇಡ ಅಂದಿರಲ್ಲ, ಆ ಮಾತನ್ನು ನಡೆಸಿಕೊಟ್ಟೆ. ನಾನು ಬರೆದದ್ದಕ್ಕೆ ಅವಳು ಹೊಲ ಕಳೆದುಕೊಂಡಳು. ಬಾಯಿ ಮುಚ್ಚಿಕೊಂಡಿದ್ದಕ್ಕೆ ನಾನು ಅವಳನ್ನೇ ಕಳೆದುಕೊಂಡೆ.

ಕ್ವಾರ್ಟರ್ಸಿನ ಮಾತು ಈಗ ಬೇಡ.

ವೈಶಾಲಿ


ಕಾಲುವೆ ಶೆಡ್ಡು
20 ಫೆಬ್ರುವರಿ 1996

ವೈಶಾಲಿ,

ನಿನ್ನ ಪತ್ರ ಅಂಗಿಯ ಜೇಬಿನಲ್ಲೇ ಇದೆ. ಒಂದು ಸಂಗತಿ ಇದೆ.

ನಮ್ಮ ಮನೆಯ ಹಿಂದಿನ ಹೊಂಡ, ನೀನು ಸೊಳ್ಳೆಗಳ ಅರಮನೆ ಅಂದದ್ದು. ಕಾಲುವೆಯ ಏರಿ ಕಟ್ಟಲು ಅಲ್ಲಿಂದಲೇ ಮಣ್ಣು ತೆಗೆದದ್ದು. ಅವ್ವ, ಇಮಾಮಬೀಯ ಅತ್ತೆ, ಸಾಯಬಮ್ಮನ ತಾಯಿ, ಎಲ್ಲರೂ ಅಲ್ಲಿ ಬುಟ್ಟಿ ಹೊತ್ತವರು. ಅದರಲ್ಲಿ ನಿಂತಿರುವುದು ಕಾಲುವೆಯಿಂದ ಮಣ್ಣಿನೊಳಗೆ ಇಳಿದು ಬಂದ ಬಸಿ ನೀರು. ನಿನ್ನೆ ಧೈರ್ಯ ಮಾಡಿ ಸಾಹೇಬರನ್ನು ಕೇಳಿದೆ. "ಅದು ಯಾರ ಸರದಿಗೂ ಬರುವ ನೀರಲ್ಲ. ಹೊಂಡ ಸ್ವಚ್ಛ ಮಾಡಿ ಯಾರು ಏನು ಬೆಳೆದರೂ ನನ್ನ ಅಡ್ಡಿಯಿಲ್ಲ" ಅಂದರು. ಅದನ್ನೇ ಒಂದು ಕಾಗದದಲ್ಲಿ ಬರೆಸಿಕೊಂಡಿದ್ದೇನೆ.

ಜಾಗ ಸಣ್ಣದು. ಏರಿಯ ಪಟ್ಟಿಗೆ ಅದು ಬದಲಿ ಅಲ್ಲ. ಇದನ್ನು ಈ ಸಲ ಎಲ್ಲರಿಗೂ ಹೇಳು. ಯಾರಿಂದಲೂ ಮುಚ್ಚಿಡಬೇಡ.

ಮಾನಪ್ಪ


ಹಳೇ ಕ್ಯಾಂಪ್, ಶಹಾಪುರ
9 ಏಪ್ರಿಲ್ 1996

ನನ್ನ ಮಾನಪ್ಪ ಅವರಿಗೆ,

ಎಷ್ಟೋ ದಿನದ ಮೇಲೆ ಹೆಸರು ಬರೆಯುತ್ತಿದ್ದೇನೆ. ಎರಡು ರವಿವಾರ ನೀವು ಸಲಿಕೆ ಹಿಡಿದು ಹೊಂಡದಲ್ಲಿ ನಿಂತದ್ದನ್ನು ನೋಡಿದ್ದೇನೆ. ಆಮೇಲೆ ನೀರಿನ ಸರದಿ ಎಂದು ಶೆಡ್ಡು ಹಿಡಿದವರು ಬರಲೇ ಇಲ್ಲ. ಹಾಗಾಗಿ ಮುಂದಿನದನ್ನು ಹೇಳಬೇಕು.

ಕೆಸರು ಎತ್ತುವ ಮೊದಲು ನಾನು ಸಾಯಬಮ್ಮನ ಮನೆಗೆ ಹೋಗಿದ್ದೆ. ಇದನ್ನು ನಿಮಗೆ ಹೇಳಿರಲಿಲ್ಲ. ಬಾಗಿಲಲ್ಲೇ ನಿಂತು ಹೇಳಿದೆ: ಗೊತ್ತಿತ್ತು, ಹೇಳಲಿಲ್ಲ. ಆಮೇಲೆ ಹೊಂಡದ ಮಾತೂ ಹೇಳಿದೆ. ಅವಳು ಹತ್ತಿ ಕಡ್ಡಿ ಕೀಳುವ ಕೂಲಿಗೆ ಹೊರಟಿದ್ದಳು. "ನಮ್ಮವ್ವನ ಬೆನ್ನ ಆ ಹೊಂಡದಾಗ ಮುರದದ. ನಿನ್ನ ಹೊಂಡ ನೀನಽ ತುಂಬಿಕೋ" ಎಂದು ಕದ ಮುಂದಕ್ಕೆಳೆದುಕೊಂಡು ಹೋದಳು.

ಅವಳಿಲ್ಲದೇ ಕೆಲಸ ಶುರುವಾಯಿತು. ಮೊದಲು ಹೊಂಡಕ್ಕೆ ಇಳಿದವರು ಅತ್ತೆಯವರು, ಕಚ್ಚೆ ಹಾಕಿಕೊಂಡು! ಆಮೇಲೆ ಇಮಾಮಬೀ, "ಇದನ್ನ ಪೇಪರನ್ಯಾಗ ಹಾಕಸ್ಬ್ಯಾಡ ಮತ್ತ" ಎನ್ನುತ್ತಾ. ಪ್ಲಾಸ್ಟಿಕ್ಕು, ಚಪ್ಪಲಿ, ಸತ್ತ ಹಂದಿ, ಏನೆಲ್ಲ ಎತ್ತಿದೆವು. ನನ್ನ ಮಡಿಯಲ್ಲಿ ಪುಂಡಿ ಒಂದು ಕಡೆ ಒತ್ತೊತ್ತಾಗಿ, ಒಂದು ಕಡೆ ಬೋಳಾಗಿ ಎದ್ದಿದೆ. ನೋಡಿದವರೆಲ್ಲ ನಗುತ್ತಾರೆ. ರಾಜಗಿರಿ ಮಾತ್ರ ಮುಖ ಉಳಿಸಿತು.

ನಿನ್ನೆ ಸಂಜೆ ಪಡಸಾಲೆಯಲ್ಲಿ ಮತ್ತೆ ಪಲ್ಯ ಹರಡಿದೆ. ಗೋಣಿಚೀಲ ಹರಿದುಹೋಗಿತ್ತು. ಹಳದಿ ಬಟ್ಟೆಯನ್ನೇ ತೊಯ್ಸಿ ಮುಚ್ಚಿದೆ. ಪರದೆ ಆಗಲಿಲ್ಲವೆಂದು ಬೇಜಾರಿಲ್ಲ.

ಕೂಲಿಯಿಂದ ಬಂದ ಹೆಂಗಸರ ಸಾಲು. ಸಿವುಡು, ಕೊಸರು, ಸಿವುಡು, ಕೊಸರು. ತಲೆಯೆತ್ತದೆ ಕೊಡುತ್ತಿದ್ದೆ. ಮುಂದಕ್ಕೆ ಬಂದ ಒಂದು ಸೆರಗಿನಲ್ಲಿ ಹತ್ತಿ ಕಡ್ಡಿಯ ಚೂರುಗಳು ಸಿಕ್ಕಿಕೊಂಡಿದ್ದವು. ನೋಡಿದೆ. ಸಾಯಬಮ್ಮ.

ಓಣಿಗೆ ಹಸಿರು ಹೊತ್ತು ತಂದವಳು, ಕೊಳ್ಳಲು ನಿಂತಿದ್ದಳು. "ಒಂದ ಸಿವುಡ ರಾಜಗಿರಿ" ಅಂದಳು, ಗುರುತಿಲ್ಲದವರಿಗೆ ಹೇಳುವ ಹಾಗೆ. ಕೊಟ್ಟೆ. ದುಡ್ಡು ಬೇಡ ಅನ್ನಲು ಬಾಯಿ ತೆರೆದೆ. ಅತ್ತೆಯವರು ಹಿಂದಿನಿಂದ ನನ್ನ ಬೆನ್ನು ಚಿವುಟಿದರು. ದುಡ್ಡು ತೆಗೆದುಕೊಂಡೆ. ವ್ಯಾಪಾರ ಮುಗಿಯಿತು. ಅವಳು ತಿರುಗಿ ಹೋಗಬಹುದಿತ್ತು.

ಹೋಗಲಿಲ್ಲ. ಸೆರಗು ಹಿಡಿದು ನಿಂತೇ ಇದ್ದಳು.

ಕೊತ್ತಂಬರಿ ಹರಿದೆ. ಒಂದು ಹಿಡಿ ಹಾಕಿದೆ. ಅವಳು ಸೆರಗಿನೊಳಗೆ ಬಗ್ಗಿ ನೋಡಿದಳು.

"ಇಷ್ಟಽಽ? ನಿನ್ನ ಪುಂಡಿ ಮಡಿಯಂಗಽ ಐತಿ ನಿನ್ನ ಕೈ. ಹಿಡಿ ಜರಾ ದೊಡ್ಡದ ಮಾಡವ್ವಾ."

ಯಾರೋ ನಕ್ಕರು. ಅವಳು ನಗಲಿಲ್ಲ. ಸೆರಗನ್ನು ಇನ್ನಷ್ಟು ಅಗಲ ಮಾಡಿದಳು. ನಾನು ಎರಡೂ ಕೈಯಿಂದ ಹಾಕಿದೆ.

ಹೊಂಡದ ಮೂಡಣ ಬದಿಗೆ, ಬಸಿ ನೀರು ಹತ್ತಿರವಿರುವ ಕಡೆ ಒಂದು ಮಡಿಯನ್ನು ಯಾರಿಗೂ ಕೊಡದೆ ಬಿಟ್ಟಿದ್ದೇವೆ. ಯಾರಿಗೆಂದು ನಾವು ಯಾರೂ ಹೇಳಿಲ್ಲ. ಇವತ್ತು ಬೆಳಿಗ್ಗೆ ನೋಡಿದರೆ ಯಾರೋ ಅದರ ಮಣ್ಣು ಕೆದರಿ ಹದ ಮಾಡಿದ್ದರು.

ನಿಮ್ಮವಳೇ,
ವೈಶಾಲಿ